ತುಕ್ಕಿನ ಕಲೆಗೆ ಆಕ್ಸಾಲಿಕ್ ಆಸಿಡ್ ಪುಡಿ: ಕೆಲವು ಮಳೆಗಾಲ ಬಳಸಿದ ಮೇಲೆ

ಮೊಸಾಯಿಕ್ ನೆಲ ಪಾಲಿಶ್ ಮಾಡುವವರ ಕೈಯಲ್ಲಿ ಇರುತ್ತದಲ್ವಾ, ಅದೇ ಬಿಳಿ ಪುಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಮನೆ ಕುಂದಾಪುರದ ಕಡೆ, ಸಮುದ್ರಕ್ಕೆ ಹತ್ತಿರ. ಉಪ್ಪುಗಾಳಿಗೆ ಮೊಳೆ, ಸ್ಕ್ರೂ ಯಾವುದೂ ಬಾಳಿಕೆ ಬರುವುದಿಲ್ಲ. ಹಾಗಾಗಿ ಅಂಗಳದ ತೇಗದ ಬೆಂಚು, ಪ್ಲಾಸ್ಟಿಕ್ ಕುರ್ಚಿ, ಕಬ್ಬಿಣದ ಉಯ್ಯಾಲೆ ಎಲ್ಲದಕ್ಕೂ ಇದನ್ನು ಹಾಕಿ ನೋಡಿದ್ದೇನೆ.

ಮರಕ್ಕೆ ಇದು ಅದ್ಭುತ. ಸ್ಕ್ರೂ ಸುತ್ತ ಶಾಯಿ ಚೆಲ್ಲಿದ ಹಾಗೆ ಕಪ್ಪಾಗುವುದು ಬೂಸ್ಟಲ್ಲ. ಮರದೊಳಗಿನ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಪುಡಿ ಕರಗಿಸಿ, ಬ್ರಶ್‌ನಲ್ಲಿ ಇಡೀ ಹಲಗೆಗೆ ಹಚ್ಚಿ. ಕಲೆಗಷ್ಟೇ ಹಚ್ಚಿದರೆ ಅಲ್ಲಿ ಮಾತ್ರ ಬಿಳಿಚಿಕೊಂಡು ಎದ್ದು ಕಾಣುತ್ತದೆ. ಹಲಗೆ ಒದ್ದೆ ಇರುವಾಗಲೇ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ನಿಧಾನಕ್ಕೆ ತೇಗದ ಬಣ್ಣ ಹೊರಗೆ ಬರುತ್ತದೆ. ನೋಡಲು ಬಹಳ ಖುಷಿ. ನಂತರ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆ ಎಣ್ಣೆ ಹಚ್ಚಬೇಕು.

ಪ್ಲಾಸ್ಟಿಕ್ ಕುರ್ಚಿಯ ಕಿತ್ತಳೆ ಬಣ್ಣದ ಕಲೆಯೂ ಹೋಗುತ್ತದೆ. ಆದರೆ ತೆಳು ಕಲೆಗೆ ಇಷ್ಟೆಲ್ಲ ಯಾಕೆ, ನಿಂಬೆರಸ, ಉಪ್ಪು ಸಾಕು.

ಕಬ್ಬಿಣಕ್ಕೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ತುಕ್ಕು ಬಿಡುತ್ತದೆ ನಿಜ, ಆದರೆ ತೊಳೆದ ಬರಿ ಕಬ್ಬಿಣಕ್ಕೆ ನಮ್ಮ ಗಾಳಿಯಲ್ಲಿ ಮತ್ತೆ ತುಕ್ಕು ಬರಲು ಹೆಚ್ಚು ಹೊತ್ತು ಬೇಡ. ತಂತಿ ಬ್ರಶ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಪೇಂಟ್ ಮಾಡುವುದೇ ಸರಿ.

ಇನ್ನು ನೆಲ. ಕುರ್ಚಿ ಕಾಲಿನ ತುಕ್ಕು ಕಡಪ ಕಲ್ಲಿಗೋ ಮಾರ್ಬಲ್‌ಗೋ ಇಳಿದಿದ್ದರೆ ಈ ಪುಡಿ ಮುಟ್ಟಿಸಬೇಡಿ. ಎರಡೂ ಸುಣ್ಣದ ಅಂಶದ ಕಲ್ಲು, ಆಸಿಡ್ ತಾಗಿದರೆ ಹೊಳಪು ಹೋಗುತ್ತದೆ.

ಮತ್ತೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇದು ವಿಷ. ನೋಡಲು ಉಪ್ಪೋ ಸಕ್ಕರೆಯೋ ಅನ್ನಿಸುತ್ತದೆ. ಡಬ್ಬಿ ಮೇಲೆ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅಡುಗೆ ಪಾತ್ರೆ, ಚಮಚ ಬಳಸಬೇಡಿ. ರಬ್ಬರ್ ಗ್ಲೌಸ್, ಕನ್ನಡಕ, ಮಾಸ್ಕ್ ಬೇಕೇ ಬೇಕು. ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಲೇಬಾರದು, ವಿಷಗಾಳಿ ಏಳುತ್ತದೆ.

ಸ್ಕ್ರೂ ಹಳೆಯದೇ ಉಳಿದರೆ ಮುಂದಿನ ಮಳೆಗೆ ಕಲೆ ಮತ್ತೆ ಹಾಜರ್. ಬಡಗಿಗೆ ಹೇಳಿ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಕಡಲ ಹತ್ತಿರದವರು 316 ದರ್ಜೆಯದ್ದೇ ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಸಾಮಾನ್ಯ 304 ದರ್ಜೆಗಿಂತ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಬೆಲೆ ಜಾಸ್ತಿ, ಸಿಗುವುದೂ ಸ್ವಲ್ಪ ಕಷ್ಟ. ಆದರೆ ಅದನ್ನು ಹಾಕಿಸಿದ ಮೇಲೆ ನಮ್ಮ ಬೆಂಚಿಗೆ ಪುಡಿ ಬೇಕಾಗಿಲ್ಲ.