ಎಂಟು ಕೋರ್‌ನ ಹೊಸ ಲ್ಯಾಪ್‌ಟಾಪ್, ಎರಡು ಕೋರ್‌ನ ಹಳೇದು: ಕೈಗೆ ಒಗ್ಗಿದ್ದು ಯಾವುದು?

ಒಂದು ತಿಂಗಳು ಎರಡು ಲ್ಯಾಪ್‌ಟಾಪ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದೇ ಥರದ ಕೆಲಸ ಎರಡರಲ್ಲೂ ಮಾಡಿ ನೋಡಿದೆ. ಹೊಸದರಲ್ಲಿ ಎಂಟು ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಗಳು), 16 ಜಿಬಿ ರ‍್ಯಾಮ್, ಜೊತೆಗೇ ಬಂದ ಆಪರೇಟಿಂಗ್ ಸಿಸ್ಟಂ. ಇನ್ನೊಂದು 2012ರದ್ದು. ಎರಡು ಕೋರ್, 4 ಜಿಬಿ ರ‍್ಯಾಮ್, ಮೇಲೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಮತ್ತು ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್. ಹೊಸದೇ ಗೆಲ್ಲುತ್ತದೆ, ಅದರಲ್ಲೇನು ನೋಡೋದು ಅಂದುಕೊಂಡಿದ್ದೆ.

ಹಳೇದನ್ನು ಇದ್ದ ಹಾಗೇ ಬಿಟ್ಟಿದ್ದರೆ ಅದು ಕಣಕ್ಕೇ ಇಳಿಯುತ್ತಿರಲಿಲ್ಲ. ಅದರಲ್ಲಿದ್ದದ್ದು 5400 ಆರ್‌ಪಿಎಂ, ಅಂದರೆ ನಿಮಿಷಕ್ಕೆ 5400 ಸುತ್ತು ತಿರುಗೋ ಹಾರ್ಡ್ ಡಿಸ್ಕ್. ಅದರ ತಟ್ಟೆ ಒಂದು ಸುತ್ತು ಬರೋಕೇ 11 ಮಿಲಿಸೆಕೆಂಡ್ ಬೇಕು, ದೊಡ್ಡ ಪ್ರೋಗ್ರಾಂ ತೆರೆಯುವಾಗ ಡಿಸ್ಕಿನ ಮೂಲೆ ಮೂಲೆಯಿಂದ ಚೂರು ಚೂರಾಗಿ ಓದಬೇಕು, ಅಲ್ಲಿವರೆಗೂ ಪ್ರೊಸೆಸರ್ ಪಾಪ ಸುಮ್ನೆ ಕೂತಿರುತ್ತದೆ. ಚಿಪ್‌ಗಳಲ್ಲೇ ಮಾಹಿತಿ ಇಡೋ ಎಸ್‌ಎಸ್‌ಡಿಯಲ್ಲಿ ತಿರುಗೋ ತಟ್ಟೆಯೇ ಇಲ್ಲ. ಅದನ್ನು ಹಾಕಿದ ದಿನವೇ ಈ ಲ್ಯಾಪ್‌ಟಾಪ್‌ಗೆ ಜೀವ ಬಂತು.

ಇನ್ನು ದಿನದ ಬಳಕೆ. ಕಂಪ್ಯೂಟರ್ ಎಷ್ಟು ಬೇಗ ಉತ್ತರ ಕೊಡಬೇಕು ಅನ್ನೋದಕ್ಕೆ, ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಒಂದು ಅಳತೆ ಕೊಟ್ಟಿದ್ದರು: 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಆಯ್ತು ಅನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯೋದಿಲ್ಲ, 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಬರೆಯೋದು, ಲೆಕ್ಕದ ಶೀಟು, ಮೇಲ್ ಇವುಗಳಲ್ಲಿ ಎರಡು ಲ್ಯಾಪ್‌ಟಾಪ್‌ಗಳೂ ಬಹುತೇಕ ಮೊದಲ ಎರಡು ಮಿತಿಯೊಳಗೇ ಇದ್ದವು. ಅಂದರೆ ಆ ಎಂಟು ಕೋರ್‌ಗೆ ಅಲ್ಲಿ ಮಾಡೋಕೆ ಕೆಲಸವೇ ಇರಲಿಲ್ಲ.

ನಾನು ಎಡವಿದ್ದು ಹೊಸದರಲ್ಲೇ! ಹುಡುಕುವ ಡಬ್ಬದಲ್ಲಿ ಕ್ಯಾಲ್ಕುಲೇಟರ್‌ನ ಮೊದಲ ಮೂರು ಅಕ್ಷರ ಹೊಡೆಯುತ್ತೇನೆ, ಅದು ಪಟ್ಟಿಯ ಮೇಲೇ ಕಾಣುತ್ತದೆ, ಎಂಟರ್ ಒತ್ತಲು ಬೆರಳು ಇಳಿಯುವಷ್ಟರಲ್ಲಿ ಇಂಟರ್ನೆಟ್‌ನಿಂದ ತಡವಾಗಿ ಬಂದ ಇನ್ನೇನೋ ಮೇಲೆ ಹತ್ತಿ ಕೂತು ಬ್ರೌಸರ್ ತೆರೆದುಕೊಳ್ಳುತ್ತದೆ. ಕೆಳಗಿನ ಪಟ್ಟಿಯ ಐಕಾನ್‌ಗಳೂ ಅಷ್ಟೇ, ನಡುವೆ ಕೂತಿರುತ್ತವೆ, ಇನ್ನೊಂದು ಪ್ರೋಗ್ರಾಂ ತೆರೆದರೆ ಎಲ್ಲವೂ ಒಂಚೂರು ಎಡಕ್ಕೆ ಸರಿಯುತ್ತವೆ. ಹೀಗಾದರೆ ಕೈಗೆ ರೂಢಿ ಆಗೋದು ಹೇಗೆ?

ಹಳೇದರಲ್ಲಿ ಮೆನು ಮೂಲೆಯಲ್ಲಿದೆ. ಮೌಸನ್ನು ಆ ಕಡೆ ತಳ್ಳಿದರೆ ಸಾಕು, ಮೂಲೆಗೆ ಹೋಗಿ ತಾನೇ ನಿಲ್ಲುತ್ತದೆ, ಗುರಿ ಇಡಬೇಕಿಲ್ಲ. ಗುರಿ ದೂರ ಇದ್ದಷ್ಟೂ ಚಿಕ್ಕದಾದಷ್ಟೂ ತಲುಪಲು ಹೊತ್ತು ಜಾಸ್ತಿ ಅಂತ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ತೋರಿಸಿದ್ದು ಇಲ್ಲಿ ಕೈಗೇ ತಿಳಿಯುತ್ತದೆ: ದಾಟಿ ಹೋಗೋಕೆ ಆಗದ ಮೂಲೆ ದೊಡ್ಡ ಗುರಿ ಇದ್ದ ಹಾಗೆ. ನೋಡೋಕೆ ಚೆಂದ ಇಲ್ಲ ಬಿಡಿ, ಐಕಾನ್‌ಗಳು ಯಾವುದೋ ಕಾಲದವು. ಎರಡನೇ ಮಾನಿಟರ್ ಜೋಡಿಸಿದಾಗ ಅಕ್ಷರದ ಗಾತ್ರ ಸರಿ ಮಾಡೋಕೆ ಒಂದು ಸಂಜೆಯೇ ಹೋಯಿತು. ಹೊಸದು ಅದನ್ನು ಕೇಳದೆಯೇ ಸರಿ ಮಾಡಿಕೊಂಡಿತ್ತು.

ಮತ್ತೆ 4 ಜಿಬಿ ಅಂದರೆ 4 ಜಿಬಿಯೇ. ಬ್ರೌಸರ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್ ದಾಟಿದರೆ ರ‍್ಯಾಮ್ ತುಂಬಿ, ಹಿಡಿಸದ್ದನ್ನು ಎಸ್‌ಎಸ್‌ಡಿಗೆ ಬರೆದು ಮತ್ತೆ ಓದುವ ಸರ್ಕಸ್ ಶುರು. 4ಕೆ ವಿಡಿಯೋ ಹಾಕಿದರೆ ತಡವರಿಸುತ್ತದೆ, ಯಾಕೆಂದರೆ ವಿಪಿ9 ಅನ್ನೋ ಒತ್ತಿಟ್ಟ ವಿಡಿಯೋ ರೂಪವನ್ನು ಬಿಡಿಸುವ ಹಾರ್ಡ್‌ವೇರ್ ಆ ಕಾಲದ ಚಿಪ್‌ನಲ್ಲಿಲ್ಲ, ಎಲ್ಲ ಭಾರವೂ ಎರಡು ಕೋರ್‌ಗಳ ತಲೆ ಮೇಲೆ. ಫ್ಯಾನು ಬುಸುಗುಟ್ಟುತ್ತದೆ. ವಿಡಿಯೋ ಎಡಿಟ್ ಮಾಡುವವರು ಹಳೇದರ ಕಡೆ ತಿರುಗಿಯೂ ನೋಡಬೇಡಿ.

ಈಗ ಹೊಸದರಲ್ಲೇ ಅನಿಮೇಶನ್ ಮತ್ತು ನೋಟಿಫಿಕೇಶನ್ ಆಫ್ ಮಾಡಿ, ಐಕಾನ್‌ಗಳನ್ನು ಎಡಮೂಲೆಗೆ ಎಳೆದು, ಹುಡುಕುವ ಡಬ್ಬ ಇಂಟರ್ನೆಟ್‌ಗೆ ಹೋಗದಂತೆ ಮಾಡಿದ್ದೇನೆ. ಜಗಳ ಕಡಿಮೆಯಾಗಿದೆ. ಆದರೂ ಇದನ್ನು ಬರೆದದ್ದು ಹಳೇದರಲ್ಲೇ.