ಅಟ್ಲಾಂಟಾದ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್: ಹೆಲ್ಮೆಟ್ ಗೋಡೆಗಾಗಿಯಾದ್ರೂ ಹೋಗಿ

ಅಮೆರಿಕದ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ (ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ) ದಿಗ್ಗಜರ ಮ್ಯೂಸಿಯಂ ಇದು. ಒಳಗೆ ಹೋದ ತಕ್ಷಣ ಎದುರಿಗೇ ಮೂರಂತಸ್ತಿನ ಗೋಡೆ, ಅದರ ತುಂಬಾ ಕಾಲೇಜು ತಂಡಗಳ ಹೆಲ್ಮೆಟ್. ನಿಮ್ಮ ತಂಡ ಯಾವುದು ಅಂತ ನೋಂದಾಯಿಸಿದರೆ ಅದರದ್ದು ಬೆಳಗುತ್ತದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯ ತಂಡದ ಬಿಳಿ ಹೆಲ್ಮೆಟ್, ಕೆಂಪು 'ಎನ್' ಬೆಳಗಿದ್ದೇ ತಡ, ಪಕ್ಕದಲ್ಲಿದ್ದ ಹಿರಿಯರಿಬ್ಬರು ಶುರು ಮಾಡಿದರು: ಟಾಮ್ ಆಸ್ಬೋರ್ನ್ ಕೋಚ್ ಆಗಿದ್ದ ಕಾಲ, 1994, 1995, 1997ರ ಚಾಂಪಿಯನ್ ಪಟ್ಟ, ಫಿಯೆಸ್ಟಾ ಬೌಲ್ ಎಂಬ ದೊಡ್ಡ ಪಂದ್ಯದಲ್ಲಿ ಫ್ಲಾರಿಡಾ ತಂಡವನ್ನು 62-24ರಿಂದ ಬಗ್ಗುಬಡಿದದ್ದು, ಮೈಮೇಲೆ ಬಿದ್ದವರನ್ನೆಲ್ಲ ಕೊಡವಿಕೊಂಡು ನೆಬ್ರಾಸ್ಕಾ ಆಟಗಾರ ಟಾಮಿ ಫ್ರೇಜಿಯರ್ 75 ಗಜ ಓಡಿದ್ದು. ಒಬ್ಬರು ಭುಜ ತಿರುಗಿಸಿ ತೋರಿಸಿಯೇಬಿಟ್ಟರು! ಇಂಥ ಮಾತು ಹುಟ್ಟುವ ಜಾಗ ಬೇರೆಲ್ಲಿ ಸಿಗುತ್ತೆ, ಅಲ್ವಾ?

ಒಳಗಿನ ಪುಟ್ಟ ಮೈದಾನದಲ್ಲಿ ಮಕ್ಕಳು ಚೆಂಡು ಒದೆಯಬಹುದು. ಆಟ ಗೊತ್ತಿಲ್ಲದವರಿಗೆ ಟಿಕೆಟ್ ದುಬಾರಿ ಅನ್ನಿಸಬಹುದು. ಅಭಿಮಾನಿಗಳು ಮಾತ್ರ ಅರ್ಧ ದಿನ ಇಟ್ಟುಕೊಂಡೇ ಹೋಗಿ, ಹಳೇ ಸೀಸನ್ ನೋಡಿದ ಯಾರನ್ನಾದರೂ ಜೊತೆಗೆ ಕರೆದುಕೊಂಡು.