ಮಳೆಗಾಲದಲ್ಲಿ ಓಮ್ನಿ ಕೈಕೊಟ್ಟಾಗ ಕೈಹಿಡಿದ ತೀರ್ಥಹಳ್ಳಿ ಗ್ಯಾರೇಜ್

ಪುನರ್ವಸು ಮಳೆ ಹಿಡಿದರೆ ನಮ್ಮ 1998ರ ಓಮ್ನಿ ಬೆಳಿಗ್ಗೆ ಸ್ಟಾರ್ಟ್ ಆಗುತ್ತಲೇ ಇರಲಿಲ್ಲ. ಸೆಲ್ಫ್ ಜೋರಾಗಿಯೇ ತಿರುಗುತ್ತೆ, ಇಂಜಿನ್ ಮಾತ್ರ ಹಿಡಿಯಲ್ಲ. ಹೋದ ವರ್ಷ ಶಿವಮೊಗ್ಗದಲ್ಲಿ ಒಂದು ಕಡೆ ಬ್ಯಾಟರಿ ಹೋಗಿದೆ ಅಂತ ಹೊಸದು ಹಾಕಿ ಕಳಿಸಿದರು. ಮರುವಾರ ಮತ್ತೆ ಅದೇ ಪಾಡು. ನನಗೆ ಇವತ್ತಿಗೂ ಆ ದುಡ್ಡಿನ ಸಂಕಟ ಇದೆ.

ಈ ಸಲ ಆಗುಂಬೆ ರಸ್ತೆ ಕಡೆಯ ಸಣ್ಣ ಗ್ಯಾರೇಜಿನ ಹುಡುಗನನ್ನು ಮನೆಗೇ ಕರೆಸಿದೆ. ತೋಟದ ದಾರಿಯ ಕೆಸರು ತುಳಿದುಕೊಂಡು ಬರುವಷ್ಟರಲ್ಲಿ ಕತ್ತಲಾಗಿತ್ತು. "ಒಳ್ಳೇದೇ ಆಯ್ತು, ಲೈಟ್ ಆರಿಸಿ ಅಣ್ಣ" ಅಂದ. ಇಂಜಿನ್ ಮೇಲಿನ ಮುಂದಿನ ಸೀಟು ಎತ್ತಿ, ಹೊರಗೆ ನಿಂತೇ ಕೀ ತಿರುಗಿಸಲು ನನ್ನ ಮಗನಿಗೆ ಹೇಳಿದ. ನೋಡಿದರೆ ಪ್ಲಗ್ ವೈರುಗಳ ಮೈಮೇಲೆ ನೀಲಿ ಕಿಡಿ ಚಟಚಟ ಹರಿದಾಡುತ್ತಿತ್ತು! ಪ್ಲಗ್ಗಿಗೆ ಹೋಗಬೇಕಾದ ಕರೆಂಟು ತೇವದ ದಾರಿ ಹಿಡಿದು ಇಂಜಿನ್ನಿನ ಲೋಹದ ಮೈಗೆ ಇಳಿಯುತ್ತಿತ್ತು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿದ. ಒಳಗೆ ಬೆವರಿನಂತೆ ನೀರಹನಿ, ಪಕ್ಕದಲ್ಲೇ ಕೂದಲೆಳೆಯಷ್ಟು ಕಪ್ಪು ಬಿರುಕು. ಒಣಬಟ್ಟೆಯಿಂದ ಒರೆಸಿ ಹಾಕಿದ, ಎರಡನೇ ಸೆಲ್ಫಿಗೆ ಗಾಡಿ ಹಿಡಿಯಿತು.

ಮಾರನೇ ದಿನ ಗ್ಯಾರೇಜಿನಲ್ಲಿ ಹೊಸ ಕ್ಯಾಪು, ಅದರೊಳಗೆ ತಿರುಗುವ ರೋಟರು, ನಾಲ್ಕು ವೈರು. ಹಳೇ ಸಾಮಾನೆಲ್ಲ ಕವರಿಗೆ ಹಾಕಿ ನನ್ನ ಕೈಗೇ ಕೊಟ್ಟರು. ಶೆಡ್ಡು ಸೋರುತ್ತೆ, ಕೂರಲು ಜಾಗ ಇಲ್ಲ, ಫೋನ್ ಎತ್ತೋದೂ ಅಪರೂಪ. ಆದರೂ ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡವರು ಧೈರ್ಯವಾಗಿ ಹೋಗಿ. ಈಗ ಪುಷ್ಯ ಮಳೆ ಸುರಿಯುತ್ತಿದೆ, ದಿನಾ ಬೆಳಿಗ್ಗೆ ಡೈರಿಗೆ ಹಾಲು ಹೊತ್ತುಕೊಂಡು ಹೋಗೋದು ಇದೇ ಓಮ್ನಿ.